ನಡುಗಡಲಿನ ಡೇರಿ

ಮದುವೆ ಮುಯ್ಯಿಯ ನೂರಕ್ಕೆ ಸೇರಿಸಲೆಂದು ಎತ್ತಿಟ್ಟ ಒಂದು ರೂಪಾಯಿಯ ಕಾಗದದ ನೋಟು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಈಚಿನ ದಶಕಗಳ ನೋಟಾದರೆ ಹಿಂಬದಿಯಲ್ಲಿ ಸಮುದ್ರದೊಳಗೆ ಕಾಲೂರಿ ನಿಂತ ಕಬ್ಬಿಣದ ಆಕೃತಿಯೊಂದು ಕಾಣುತ್ತದೆ. ಅದೇ 'ಸಾಗರ ಸಮ್ರಾಟ್'. 1974ರ ಫೆಬ್ರವರಿಯಲ್ಲಿ ಬಾಂಬೆ ಹೈಯಲ್ಲಿ ಎಣ್ಣೆ ಕಂಡ ರಿಗ್ ಇದು. ಎರಡು ವರ್ಷದಲ್ಲಿ, 1976ರ ಮೇ ತಿಂಗಳಲ್ಲಿ, ಅಲ್ಲಿ ಉತ್ಪಾದನೆಯೂ ಶುರುವಾಯಿತು. ಮುಂಬಯಿಯಲ್ಲಿ ಮೂರು ತಲೆಮಾರು ಕಳೆದ ನಮ್ಮವರೂ ಆ ಊರನ್ನು ಕಂಡಿರುವುದಿಲ್ಲ. ಊರು ಅಂದೆ, ಏಕೆಂದರೆ ನನಗೆ ಅದು ಊರೇ.

ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ಲೋಕಲ್ ಟ್ರೇನಿಲ್ಲ, ಜುಹು ವಿಮಾನ ನಿಲ್ದಾಣದಿಂದ ಹೆಲಿಕಾಪ್ಟರ್. ಹತ್ತುವ ಮೊದಲು ನಮ್ಮನ್ನೂ ನಮ್ಮ ಚೀಲವನ್ನೂ ತೂಗುತ್ತಾರೆ. ಬೆಂಕಿಪೊಟ್ಟಣ, ಲೈಟರ್ ಏನೂ ಒಯ್ಯುವಂತಿಲ್ಲ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೇಗೆ ಹೊರಬರಬೇಕೆಂದು ಮೊದಲೇ ಕೊಳದಲ್ಲಿ ಮುಳುಗಿಸಿ ಕಲಿಸಿರುತ್ತಾರೆ. ಹೊನ್ನಾವರದ ಹೊಳೆಯಲ್ಲಿ ಈಜು ಕಲಿತವನು ನಾನು, ಆದರೂ ಆ ಪಾಠ ಸುಲಭದ್ದಾಗಿರಲಿಲ್ಲ. ಜುಹು ಬೀಚಿನ ಜನ ಚುಕ್ಕೆಗಳಾಗಿ, ಮೀನು ದೋಣಿಗಳೂ ವಿರಳವಾಗಿ, ಆಮೇಲೆ ಬರೀ ನೀರು. ನೀರು ನೋಡಿ ಬೇಸರ ಬರುವ ಹೊತ್ತಿಗೆ ದೂರದಲ್ಲಿ ಫ್ಲೇರಿನ ಬೆಂಕಿ ಕಾಣುತ್ತದೆ.

ಹತ್ತಿರ ಹೋದಂತೆ ಊರು ಬಿಚ್ಚಿಕೊಳ್ಳುತ್ತದೆ. ಎಣ್ಣೆ, ಗ್ಯಾಸ್, ನೀರು ಬೇರ್ಪಡಿಸುವ ದೊಡ್ಡ ಪ್ಲಾಟ್‌ಫಾರ್ಮು. ಪಕ್ಕದಲ್ಲಿ ಜನ ಉಳಿಯುವ ಪ್ಲಾಟ್‌ಫಾರ್ಮು. ನಡುವೆ ಕಬ್ಬಿಣದ ಸೇತುವೆ. ಸುತ್ತ ಹಲವು ಕಿಲೋಮೀಟರ್ ದೂರದವರೆಗೆ ಚಿಕ್ಕ ಚಿಕ್ಕ ಬಾವಿ ಪ್ಲಾಟ್‌ಫಾರ್ಮುಗಳು. ಅವುಗಳಲ್ಲಿ ಯಾರೂ ಇರುವುದಿಲ್ಲ, ರಿಪೇರಿ ಇದ್ದಾಗ ಮಾತ್ರ ಜನ ಹೋಗಿ ಬರುತ್ತಾರೆ. ಬಾವಿಯಿಂದ ಬಂದದ್ದು ಬಂದ ಹಾಗೆಯೇ ಕಡಲತಳದ ಪೈಪಿನಲ್ಲಿ ದೊಡ್ಡ ಪ್ಲಾಟ್‌ಫಾರ್ಮಿಗೆ ಹರಿಯುತ್ತದೆ. ಅಲ್ಲಿ ಎಣ್ಣೆ ಬೇರೆಯಾಗಿ ಉರಣಕ್ಕೆ ಹೊರಡುತ್ತದೆ.

ಇದನ್ನು ನಮ್ಮ ಮನೆಯವರಿಗೆ ಅರ್ಥ ಮಾಡಿಸಿದ್ದು ಹಾಲಿನ ಡೇರಿಯ ಲೆಕ್ಕದಲ್ಲಿ. ಎರಡು ದನ ಕಟ್ಟಿದವರು ಸ್ವಂತ ಶೀತಲ ಘಟಕ ಕಟ್ಟಿಸುತ್ತಾರೆಯೇ? ಕ್ಯಾನು ಹಿಡಿದು ಊರಿನ ಡೇರಿಗೆ ಹೋಗುತ್ತಾರೆ. ಡೇರಿ ಇದೆ ಎಂಬ ಧೈರ್ಯದಲ್ಲೇ ದನ ಕಟ್ಟುತ್ತಾರೆ. ಕಡಲಿನಲ್ಲೂ ಹಾಗೆ. ಬಾಂಬೆ ಹೈ ಸುತ್ತಮುತ್ತ ಇರುವ ಎಷ್ಟೋ ಚಿಕ್ಕ ನಿಕ್ಷೇಪಗಳಲ್ಲಿರುವ ಎಣ್ಣೆಗೆ ಸ್ವಂತ ಪ್ಲಾಟ್‌ಫಾರ್ಮು, ದಡದವರೆಗೆ ಸ್ವಂತ ಪೈಪು ಹಾಕಿದರೆ ಗಿಟ್ಟುವುದಿಲ್ಲ. ಪಕ್ಕದ ದೊಡ್ಡ ಕ್ಷೇತ್ರಕ್ಕೆ ವಯಸ್ಸಾಗಿ ಅದರ ಎಣ್ಣೆ ಇಳಿಯುತ್ತಾ ಬಂದಾಗ ಅಲ್ಲಿನ ಯಂತ್ರಗಳಲ್ಲಿ ಜಾಗ ಬಿಡುವಾಗುತ್ತದೆ. ಆ ಜಾಗಕ್ಕೆ ಚಿಕ್ಕ ನಿಕ್ಷೇಪದ ಪೈಪು ತಂದು ಜೋಡಿಸಿದರೆ ಇಬ್ಬರಿಗೂ ಬದುಕು.

ಹಳೆಯದನ್ನು ಬಿಸಾಡದ ಈ ಗುಣಕ್ಕೆ ನೋಟಿನ ಮೇಲಿನ ರಿಗ್ಗೇ ಸಾಕ್ಷಿ. ಸಾಗರ ಸಮ್ರಾಟ್ ಮೂರು ದಶಕ ಬಾವಿ ಕೊರೆಯಿತು. ಆಮೇಲೆ ಅದನ್ನು ಗುಜರಿಗೆ ಹಾಕಲಿಲ್ಲ, ಎಣ್ಣೆ ತೆಗೆಯುವ ಘಟಕವಾಗಿ ಮಾರ್ಪಡಿಸಿದರು. 2022ರ ಡಿಸೆಂಬರಿನಲ್ಲಿ ಮುಂಬಯಿಯಿಂದ 140-145 ಕಿ.ಮೀ. ದೂರದ ಡಬ್ಲ್ಯೂಒ-16 ಕ್ಷೇತ್ರದಲ್ಲಿ ಅದು ಮತ್ತೆ ಕೆಲಸಕ್ಕೆ ನಿಂತಿತು. ದಿನಕ್ಕೆ 20,000 ಬ್ಯಾರೆಲ್ ಸಂಭಾಳಿಸುವ ಸಾಮರ್ಥ್ಯ ಅದಕ್ಕಿದೆ. ಉತ್ತರದ ತಾಪ್ತಿ ಕ್ಷೇತ್ರದ ಉತ್ಪಾದನೆ 2016ರಲ್ಲಿ ನಿಂತಾಗ ಅಲ್ಲಿನ ಸಂಸ್ಕರಣಾ ಪ್ಲಾಟ್‌ಫಾರ್ಮು ಒಎನ್‌ಜಿಸಿಯ ಕೈಗೆ ಬಂತು, ಪಕ್ಕದ ದಮನ್ ಕ್ಷೇತ್ರದ ಗ್ಯಾಸಿಗೆ ಬಳಸಲು.

ಹೇಳುವಾಗ ಚೆಂದ. ಆದರೆ ನನ್ನ ಕೆಲಸ ಇರುವುದೇ ಈ ಚೆಂದದ ಲೆಕ್ಕವನ್ನು ಅನುಮಾನಿಸುವುದರಲ್ಲಿ. ಗುತ್ತಿಗೆ ಕಂಪನಿಯ ಪರವಾಗಿ ಹಳೆಯ ಪೈಪಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಲ್ಟ್ರಾಸೋನಿಕ್ ಮೀಟರ್ ಹಿಡಿದು ನೋಡುವವನು ನಾನು. ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತದೆ, ಬಾವಿಯ ನೀರು ಒಳಗಿನಿಂದ. ಪೈಪು ತಿರುಗುವ ಕಡೆ ಮೊದಲು ಸವೆಯುತ್ತದೆ. ಒಮ್ಮೆ ಹೊಸ ಜೋಡಣೆಗೆಂದು ಗುರುತಿಸಿದ್ದ ಪೈಪಿನ ತಿರುವೊಂದರಲ್ಲಿ ದಪ್ಪ ಮಿತಿಗಿಂತ ಕಡಿಮೆ ಬಂತು. ಮೂರು ಸಲ ಅಳೆದೆ, ಅದೇ ಅಂಕಿ. ಅಷ್ಟು ತುಂಡು ಬದಲಾಗುವವರೆಗೆ ಜೋಡಣೆ ನಿಲ್ಲಬೇಕು, ಅಷ್ಟರಲ್ಲಿ ಮಳೆಗಾಲ. ಅಂದರೆ ಕೆಲಸ ಐದು ತಿಂಗಳು ಹಿಂದಕ್ಕೆ. ಬಾಗಲಕೋಟೆ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರು ಪಕ್ಕದಲ್ಲಿ ನಿಂತಿದ್ದರು. "ಬರೀರಿ ಸರ್, ಇದ್ದದ್ದು ಇದ್ದಂಗ ಬರೀರಿ. ಬೈಯೋರು ದಂಡಿ ಮ್ಯಾಲ ಇರ್ತಾರ, ಇಲ್ಲಿ ಮಲಗೋರು ನಾವು" ಎಂದರು. ಬರೆದೆ.

ಅವರ ಮಾತಿನ ತೂಕ ಮುಂಬಯಿಯವರಿಗೆ ಗೊತ್ತಾಗಬೇಕು. 2005ರ ಜುಲೈ 26 ನಮಗೆಲ್ಲ ನೆನಪಿದೆ, ಊರೇ ಮುಳುಗಿದ ದಿನ. ಮರುದಿನವೇ, 27ರಂದು, ಬಾಂಬೆ ಹೈ ಉತ್ತರದ ಪ್ಲಾಟ್‌ಫಾರ್ಮಿಗೆ ಹಡಗೊಂದು ತಾಗಿ ಗ್ಯಾಸಿನ ರೈಸರ್ ಒಡೆಯಿತು. ಎರಡು ಗಂಟೆಗಳಲ್ಲಿ ಪ್ಲಾಟ್‌ಫಾರ್ಮು ಸುಟ್ಟು ಕುಸಿಯಿತು, 22 ಜನ ಹೋದರು. ಡೇರಿ ದೊಡ್ಡದಾದಷ್ಟೂ ಅಲ್ಲಿಗೆ ಬಂದು ಸೇರುವ ಪೈಪುಗಳೂ ಹೆಚ್ಚು. ಒಂದು ಕಡೆ ಬೆಂಕಿ ಬಿದ್ದರೆ ನೆರೆಹೊರೆಯ ಬಾವಿಗಳೂ ಬಂದ್. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಪಿ-305 ಬಾರ್ಜು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸಬೇಕೆಂದು ಕಡಲಿಗೆ ಹೋದವರು ಅವರು. ಇರುವುದನ್ನೇ ಬಳಸಿ ಎಣ್ಣೆ ತೆಗೆಯುವುದೆಂದರೆ ಇರುವುದನ್ನು ದುರಸ್ತಿ ಮಾಡುತ್ತಲೇ ಇರುವುದು. ಆ ದುರಸ್ತಿಗೆ ಹೋಗುವವರು ಬಿಹಾರದಿಂದ, ಕೇರಳದಿಂದ, ನಮ್ಮ ಕಡೆಯಿಂದಲೂ ಬಂದವರು. ಅಂದಿನಿಂದ ಮೇ ತಿಂಗಳಲ್ಲಿ ಅಮ್ಮ ದಿನಕ್ಕೆ ಎರಡು ಸಲ ಫೋನು ಮಾಡಿ ಗಾಳಿ ಹೇಗಿದೆ ಎಂದು ಕೇಳುತ್ತಾಳೆ.

ಇಷ್ಟಾದರೂ ಹಳೆಯದಕ್ಕೆ ಜೋಡಿಸುವ ದಾರಿ ತಪ್ಪೆಂದು ನಾನು ಹೇಳಲಾರೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಬಹುಪಾಲು ಹೊರಗಿನಿಂದ ಬರುತ್ತದೆ, ಮನೆಯ ಹನಿಯನ್ನು ಕಡಲತಳದಲ್ಲಿ ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಬಾಂಬೆ ಹೈಯ ಎಣ್ಣೆ ಸಂಸ್ಕರಣೆಯಾಗುತ್ತದೆ. ಕರಾವಳಿಯ ರಸ್ತೆಯಲ್ಲಿ ಓಡುವ ಯಾವುದೋ ಬಸ್ಸಿನ ಡೀಸೆಲಿನಲ್ಲಿ ಅದರ ಪಾಲು ಇರಬಹುದು. ನನ್ನದು ಒಂದೇ ಮಾತು. ಹೊಸ ಪ್ಲಾಟ್‌ಫಾರ್ಮು ಕಟ್ಟದೆ ಉಳಿಸಿದ ಹಣದಲ್ಲಿ ಒಂದು ಪಾಲು ಹಳೆಯ ಪೈಪಿಗೂ, ಅದನ್ನು ಕಾಯುವವರಿಗೂ ಮೊದಲೇ ಎತ್ತಿಡಬೇಕು. ಆ ತಿರುವಿನ ತುಂಡು ಮಳೆಗಾಲ ಕಳೆದ ಮೇಲೆ ಬದಲಾಯಿತು. ಚಿಕ್ಕ ನಿಕ್ಷೇಪದ ಎಣ್ಣೆ ಈಗ ಅದರಲ್ಲೇ ಹರಿಯುತ್ತಿದೆ. ಮುಂದಿನ ಸರದಿಯಲ್ಲಿ ಅದನ್ನು ಮತ್ತೆ ಅಳೆಯಬೇಕು.