ಬುಡದ ಎಲೆಗಳು

ಟೊಮೇಟೊ ಗಿಡ ಮೊಣಕಾಲೆತ್ತರಕ್ಕೆ ಬಂದ ಮೇಲೆ ಬುಡದ ಎಲೆಗಳನ್ನು ತೆಗೆಯಬೇಕೆಂದು ಹೇಳಿಕೊಟ್ಟವರು ಮುಳಬಾಗಿಲಿನ ನನ್ನ ಚಿಕ್ಕಪ್ಪ. ಕೋಲು ನೆಟ್ಟು, ದಾರ ಕಟ್ಟಿ ಟೊಮೇಟೊ ಬೆಳೆಯುವ ಕೋಲಾರದ ರೈತರಿಗೆ ಇದೆಲ್ಲ ಕೈಗೆ ಕೂತ ಅಭ್ಯಾಸ. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ, ಕಿಟಕಿಯ ಗ್ರಿಲ್‌ನೊಳಗೆ ಐದು ಕುಂಡ ಇಟ್ಟುಕೊಂಡ ನನ್ನಂಥ ಎಂಟೆಕ್‌ನವನಿಗೆ ಮಾತ್ರ ಒಂದೊಂದು ಎಲೆಗೂ ಕಾರಣ ಬೇಕು.

ಕಾರಣ ಇದೆ. ಅಂಗಮಾರಿ ತರುವ ಆಲ್ಟರ್ನೇರಿಯಾ ಶಿಲೀಂಧ್ರ ಮಣ್ಣಿನಲ್ಲಿ, ಉದುರಿದ ಹಳೆ ಎಲೆಗಳಲ್ಲಿ ಅಡಗಿರುತ್ತದೆ. ಮಳೆಹನಿ ಮಣ್ಣಿಗೆ ಬಿದ್ದು ಸಿಡಿದಾಗ ಮೊದಲು ತಗಲುವುದು ನೆಲಕ್ಕೆ ಹತ್ತಿರದ ಎಲೆಗೆ. ಅಲ್ಲಿ ಬಳೆಯೊಳಗೆ ಬಳೆ ಇಟ್ಟಂಥ ಕಂದು ಚುಕ್ಕೆ ಮೂಡಿ, ರೋಗ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಮುಂಬೈಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಕೋಲಾರದಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಇಲ್ಲಿ ಮಳೆ ತಗ್ಗಿದ ಮೇಲೆ ಸಸಿ ನೆಡುವುದು, ಬುಡಕ್ಕೆ ಒಣಗಿದ ತರಗು ಹೊದಿಸುವುದು, ಬಿಸಿಲೇರಿ ಎಲೆ ಒಣಗಿದ ಮೇಲೆ ಕತ್ತರಿ ಹಿಡಿಯುವುದು ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ಅಂಗಮಾರಿಯನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಆದರೂ ಬುಡಕ್ಕೆ ಗಾಳಿಯಾಡಬೇಕು.

ಎಷ್ಟು ತೆಗೆಯಬೇಕು ಎಂದು ಫೋನಿನಲ್ಲಿ ಕೇಳಿದೆ. ಚಿಕ್ಕಪ್ಪ ನಕ್ಕರು. "ಹಳೇದು ಅಂತ ಕೀಳಬ್ಯಾಡಪ್ಪ. ಮಣ್ಣಿಗೆ ತಾಗ್ತೈತಾ, ಹಳದಿಯಾಗೈತಾ, ಚುಕ್ಕೆ ಬಿದ್ದೈತಾ, ಅಷ್ಟು ನೋಡು. ಹಸುರಾಗಿ ಬಿಸಿಲು ಕುಡೀತಿದ್ರೆ ಅದಿನ್ನೂ ಗಿಡಕ್ಕೆ ಊಟ ಹಾಕ್ತೈತೆ."

ಒಂದೇ ಸಲಕ್ಕೆ ಎಲ್ಲವನ್ನೂ ಬೋಳಿಸಿದರೆ ಗಿಡ ಸೊರಗುತ್ತದೆ. ಮರೆಯಿಲ್ಲದ ಕಾಯಿಗೆ ಬಿಸಿಲು ಹೊಡೆದು ಬಿಳಿ ಕಲೆ ಬೀಳುತ್ತದೆ. ಎತ್ತರಕ್ಕೆ ಹೋಗದೆ ಪೊದೆಯಾಗಿ ನಿಲ್ಲುವ ತಳಿಗಳಿಗಂತೂ ಕತ್ತರಿ ಕಡಿಮೆಯೇ ಇರಬೇಕು.

ಅದೇ ವಾರ ಆಫೀಸಿನಿಂದ ಒಂದು ಎಕ್ಸೆಲ್ ಶೀಟ್ ಬಂತು. ನನ್ನ ತಂಡದ ಮೂವರ ಹೆಸರಿನ ಮುಂದೆ ಹಳದಿ ಬಣ್ಣ. ಮೂವರೂ ನಲವತ್ತೈದು ದಾಟಿದವರು. ಮೀಟಿಂಗಿನಲ್ಲಿ ಮೇಲಿನವರು ಬಳಸಿದ ಮಾತು "ಪ್ರೂನಿಂಗ್". ಅವರು ಯಾವತ್ತಾದರೂ ಗಿಡ ನೆಟ್ಟಿದ್ದರೋ ಇಲ್ಲವೋ. ತೋಟದ ಪದವನ್ನು ಎರವಲು ತಂದವರು ತೋಟದ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಬಂದಿದ್ದರು: ಈ ಎಲೆ ಇನ್ನೂ ದುಡಿಯುತ್ತಿದೆಯೇ?

ಒಂದೊಂದು ಹೆಸರಿನ ಮುಂದೆಯೂ ಉತ್ತರ ಬರೆದು ಕಳಿಸಿದೆ. ಹದಿನಾಲ್ಕು ವರ್ಷ ಹಳೆಯ ಬಿಲ್ಲಿಂಗ್ ಕೋಡನ್ನು ಯಾರು ಓದಬಲ್ಲರು, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಹೊಸ ಹುಡುಗರು ಮೊದಲು ಯಾರಿಗೆ ಫೋನ್ ಮಾಡುತ್ತಾರೆ, ಎಲ್ಲವನ್ನೂ ತಾರೀಖಿನ ಸಮೇತ.

ಎರಡು ಹೆಸರು ಉಳಿದವು. ಮೂರನೆಯವರು ನನ್ನ ಜೊತೆ 8.12ರ ಲೋಕಲ್ಲಿಗೆ ಬರುತ್ತಿದ್ದವರು. ಈಗ ಠಾಣೆಯವರೆಗೂ ನಾನೊಬ್ಬನೇ ನಿಂತು ಹೋಗುತ್ತೇನೆ. ಮೊನ್ನೆ ಅವರ ಮನೆಗೆ ಒಂದು ಸಸಿ ಕೊಟ್ಟು ಬಂದೆ. "ಕೆಳಗಿನ ಎಲೆ ಯಾವಾಗ ಕೀಳಬೇಕು?" ಎಂದು ಕೇಳಿದರು. ಚಿಕ್ಕಪ್ಪನ ನಂಬರ್ ಕೊಟ್ಟೆ.