ಏಲಕ್ಕಿಯ ರಹಸ್ಯ

ಮೊನ್ನೆ ಭಾನುವಾರ ಹಳೇ ಟ್ರಂಕು ತೆಗೆದರೆ ತೇಜಸ್ವಿಯವರ 'ಚಿದಂಬರ ರಹಸ್ಯ' ಸಿಕ್ಕಿತು. ಮಲೆನಾಡು ಬಿಟ್ಟು ಈ ಸಟಾಣಾಕ್ಕೆ ಬರುವಾಗ ತಂದಿದ್ದು. 1985ರ ಕಾದಂಬರಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಾಲೇಜಿನಲ್ಲಿದ್ದಾಗ ನನಗೆ ಬೇಕಿದ್ದುದು ಒಂದೇ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಯಾರಿದ್ದಾರೆ? ಗುಪ್ತಚರ ಅಧಿಕಾರಿ ಅಂಗಡಿ ಕೆಸರೂರಿಗೆ ಬಂದಮೇಲೆ ಊಟ ಬಿಟ್ಟು ಓದಿದ್ದೆ. ಏಲಕ್ಕಿ ಫಸಲು ಕುಸಿದ ಭಾಗ ಮಾತ್ರ ಹಾರಿಸಿದ್ದೆ. ಮನೆಯಲ್ಲೇ ನಡೀತಿತ್ತಲ್ಲ, ಮತ್ತೆ ಓದೋದೇನು! ಕಟ್ಟೆ ರೋಗ ಬಂದು ಅಪ್ಪ ಒಂದೊಂದೇ ಗಿಡ ಕಿತ್ತು ಸುಡುತ್ತಿದ್ದರು. ಒಂದು ಮಾತಿಲ್ಲ, ಕತೆಯಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ದಾಳಿಂಬೆಗೆ ತೇಲ್ಯಾ ರೋಗ. ಪಕ್ಕದ ಮನೆಯ ಕಾಕಾ ಇಡೀ ತೋಟ ಕಡಿಸಿದ ವರ್ಷ ಅವರ ಮುಖ ಥೇಟ್ ಅಪ್ಪನದ್ದೇ.

ಈ ಸಲ ಒಂದು ಸಾಲೂ ಬಿಡದೆ ಓದಿದೆ. ಸಂಜೆ ಕಾಕಾ ಬಂದು "ಕಾಯ್ ವಾಚ್ತೋಯ್ಸ್?" ಅಂದರು. ನನ್ನ ಹರಕು ಮರಾಠಿಯಲ್ಲಿ ಕತೆ ಶುರುಮಾಡಿದೆ.. ಏಲಕ್ಕಿ, ಕೆಸರೂರು, ವಿಜ್ಞಾನಿಯ ಸಾವು, ಪತ್ತೇದಾರಿ. ಕಾಕಾ ತಂಬಾಕು ತಿಕ್ಕುತ್ತಾ ಕೇಳಿದರು. ಕೊಂದವರು ಯಾರು ಅಂತ ಅವರು ಕೇಳಲೇ ಇಲ್ಲ.

"ಏಲಕ್ಕಿಗೆ ಔಷಧಿ ಸಿಕ್ಕಿತಾ?" ಅಂದರು.