ಬಿಳಿ ಅಲ್ಲದ ಬಿಳಿ

ಟೀವಿಯಲ್ಲಿ ನೋಡಿದ ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ನೌಕೆ ನನ್ನ ಕಣ್ಣಿಗೆ ಅಚ್ಚ ಬಿಳಿ. ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲಿ ಕಿಟ್ ತಂದು ಜೋಡಿಸಿ ಬಿಳಿ ಬಳಿದೆ. ಬರೇ ಆಟದ ಸಾಮಾನಿನಂತೆ ಕಂಡಿತು!

ಆಮೇಲೆ ಓದಿದೆ: 1964ರಲ್ಲಿ ಮಾಡಿದ 11 ಅಡಿಯ ಮೂಲ ಮಾದರಿ ಬೂದು ಬಣ್ಣದ್ದು, ಸ್ಟುಡಿಯೋ ದೀಪಗಳಡಿ ಬೆಳ್ಳಗೆ ಕಾಣುತ್ತಿತ್ತು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನವರು 2016ರಲ್ಲಿ ಅದನ್ನು ಸರಿಪಡಿಸುವಾಗ, ತಟ್ಟೆಯ ಮೇಲ್ಭಾಗದಲ್ಲಿ ಉಳಿದಿದ್ದ ಹಳೇ ಬಣ್ಣಕ್ಕೇ ಹೊಸದನ್ನು ಹೊಂದಿಸಿದರಂತೆ.

ಅವ್ವನಿಗೆ ಹೇಳಿದೆ. ನಕ್ಕಳು. “ಸೀರಿ ಬಣ್ಣಾನೂ ಅಂಗಡ್ಯಾಗ ತಿಳಿಯಂಗಿಲ್ಲ ತಮ್ಮಾ, ಬಿಸಿಲಿಗೆ ತಂದು ನೋಡ್ಬೇಕು.”

ಮಾಟುಂಗಾದ ಅಂಗಡಿಯಿಂದ ಸೀರೆ ಹಿಡಿದು ಅವಳು ಬೀದಿಗೆ ಬಂದಾಗ ನಾನು ನಾಚಿ ದೂರ ನಿಲ್ಲುತ್ತಿದ್ದೆ. ಈಗ ಬೂದು ಬಳಿದ ಪ್ಲಾಸ್ಟಿಕ್ ಚೂರು ಹಿಡಿದು ನಾನೇ ಗ್ಯಾಲರಿಯ ಬಿಸಿಲಿನಲ್ಲಿ ನಿಂತು, ಅವ್ವನನ್ನು ಕೂಗಿ ಕರೆಯುತ್ತೇನೆ.